ಸ್ಕೂಟರ್ ಕದ್ದ ಹುಡುಗನ ಜೊತೆ ಮಾತುಕತೆ: ಈ ಸೇವೆ ಹೇಗಿದೆ?

ಐದಕ್ಕೆ ಮೂರೂವರೆ ಸ್ಟಾರ್. ಸಂಸ್ಥೆಯ ಹೆಸರು ಹಾಕುವುದಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಹುಡುಗನ ಗುರುತು ಸಿಗುವಂಥದ್ದೇನೂ ಹೊರಗೆ ಹೇಳುವಂತಿಲ್ಲ. ನನ್ನ ದೂರುಗಳೂ ಇವೆ, ಸುಮ್ನೆ ಯಾಕೆ ಹೆಸರು. ಸೇವೆ ಇಷ್ಟು: ಹದಿನೆಂಟು ತುಂಬದ ಹುಡುಗರು ಏನಾದರೂ ಅಪರಾಧ ಮಾಡಿದಾಗ, ಅವರನ್ನೂ ನಷ್ಟ ಆದವರನ್ನೂ ಎದುರುಬದುರು ಕೂರಿಸಿ ಮಾತಾಡಿಸುತ್ತಾರೆ. ಫೀಸ್ ಇಲ್ಲ.

ಬೆಂಗಳೂರಿನ ಶ್ರೀನಗರದಲ್ಲಿ ನನ್ನದು ಟೈಲರಿಂಗ್ ಅಂಗಡಿ. ಬಾಗಿಲ ಮುಂದೆ ನಿಲ್ಲಿಸಿದ್ದ ಸ್ಕೂಟರ್ ಹೋಯಿತು. ಆಮೇಲೆ ಮೈಸೂರು ರಸ್ತೆಯಲ್ಲಿ ಸಿಕ್ಕಿತು, ಪೆಟ್ರೋಲ್ ಖಾಲಿ, ಒಂದು ಮಿರರ್ ಇಲ್ಲ. ಸ್ಕೂಟರ್ ಬಿಡಿ. ಡಿಕ್ಕಿಯಲ್ಲಿ ಮದುವೆ ಮನೆಯ ಬ್ಲೌಸ್‌ಗಳಿದ್ದವು. ಒಂದರ ಎರಡು ತೋಳಿಗೂ ಆರಿ ವರ್ಕ್, ಜರ್ದೋಸಿಯಲ್ಲಿ ನವಿಲು. ನಮ್ಮ ಅಂಗಡಿ ಹುಡುಗಿ ಫ್ರೇಮ್ ಮುಂದೆ ಬಗ್ಗಿ ಕೂತು ವಾರಗಟ್ಟಲೆ ಹಾಕಿದ್ದು. ಮದುವೆ ಹೆಣ್ಣಿನ ಅಮ್ಮ ಬೀದಿಗೆಲ್ಲಾ ಕೇಳುವ ಹಾಗೆ ಬೈದು ಹೋದರು. ಆ ಮನೆಯ ಕಡೆಯಿಂದ ಇವತ್ತಿಗೂ ಒಂದು ಫಾಲ್ಸ್ ಹಾಕುವ ಕೆಲಸ ಕೂಡ ಬಂದಿಲ್ಲ. ಗಾಡಿ ಇನ್ಶೂರೆನ್ಸ್‌ನವರು ಡಿಕ್ಕಿಯೊಳಗಿನ ಬಟ್ಟೆಗೆ ದುಡ್ಡು ಕೊಡುವುದಿಲ್ಲ ಅಂದರು.

ಹುಡುಗ ಸಿಕ್ಕ ಮೇಲೆ ಕೇಸು ಬಾಲ ನ್ಯಾಯ ಮಂಡಳಿಗೆ ಹೋಯಿತು. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು ಇರುತ್ತಾರೆ. ಅದೇ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಅವರು ಕೊಡಬಹುದಾದ ಆದೇಶಗಳ ಪಟ್ಟಿ ಇದೆ. ಬುದ್ಧಿ ಹೇಳಿ ಕಳಿಸುವುದು, ಗುಂಪು ಕೌನ್ಸೆಲಿಂಗ್, ಸಮುದಾಯ ಸೇವೆ, ದಂಡ, ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ, ಅಂದರೆ ಇಂಥ ಮಕ್ಕಳನ್ನು ಇಟ್ಟು ತಿದ್ದುವ ಜಾಗ. ಹುಡುಗನ ದೃಷ್ಟಿಯಿಂದ ಒಳ್ಳೆಯದೇ. ಮಕ್ಕಳನ್ನು ದೊಡ್ಡವರ ಜೈಲಿಗೆ ಹಾಕಬಾರದು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಬ್ಲೌಸ್ ಕಳೆದುಕೊಂಡವಳು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇನ್ನೊಂದು ವಿಷಯ ಕೇಳಿ. ಸಾಮಾನ್ಯ ಕಳ್ಳತನ ಆ ಕಾಯ್ದೆಯಲ್ಲಿ ಸಣ್ಣ ಅಪರಾಧ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಬೇಕಿದ್ದರೆ ಇನ್ನೆರಡು ತಿಂಗಳು. ಅಷ್ಟರಲ್ಲೂ ಮುಗಿಯದಿದ್ದರೆ ಕೇಸು ಅಲ್ಲಿಗೇ ಮುಕ್ತಾಯ. ಆಮೇಲೆ ನಾನು ಯಾರನ್ನು ಕೇಳಲಿ?

ಅದಕ್ಕೇ ಸಂಸ್ಥೆಯ ಮೇಡಂ ಫೋನ್ ಮಾಡಿದಾಗ ಒಪ್ಪಿದೆ. ಇವರ ಕೆಲಸದಲ್ಲಿ ಅತಿ ಚೆನ್ನಾಗಿರುವುದು ಮುಂಚಿನ ತಯಾರಿ. ನೇರವಾಗಿ ತಂದು ಕೂರಿಸುವುದಿಲ್ಲ. ಮೊದಲು ಅಂಗಡಿಗೇ ಬಂದು, ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ನನ್ನ ಮಾತನ್ನು ಪೂರ್ತಿ ಕೇಳಿದರು. ಹುಡುಗನಿಗೆ ಏನು ಕೇಳಬೇಕು ಅಂತ ಬರೆದುಕೊಂಡರು. ಅವನ ಮನೆಗೂ ಬೇರೆಯಾಗಿ ಹೋಗಿ ಬಂದರು. ಯಾವಾಗ ಬೇಕಾದರೂ ಬೇಡ ಅನ್ನಬಹುದು, ಮಧ್ಯದಲ್ಲಿ ಎದ್ದು ಹೋಗಬಹುದು ಅಂತ ಮೊದಲೇ ಹೇಳಿದರು. ಹೀಗೆ ಮಾಡುವುದು 1974ರಲ್ಲಿ ಕೆನಡಾದ ಎಲ್ಮೈರಾ ಅನ್ನುವ ಊರಲ್ಲಿ ಶುರುವಾಯಿತಂತೆ. ಇಬ್ಬರು ಹುಡುಗರು 22 ಕಡೆ ಜನರ ಆಸ್ತಿ ಹಾಳು ಮಾಡಿದ್ದರು, ಪ್ರೊಬೇಶನ್ ಅಧಿಕಾರಿ (ತಪ್ಪು ಮಾಡಿದವರನ್ನು ಜೈಲಿನ ಹೊರಗೆ ನಿಗಾದಲ್ಲಿ ಇಡುವವರು) ಅವರನ್ನು ಮನೆ ಮನೆಗೆ ಕರೆದುಕೊಂಡು ಹೋದರು. ಗಮನಿಸಿ, ಅಲ್ಲಿ ಹುಡುಗರು ಮನೆ ಬಾಗಿಲಿಗೆ ಹೋದರು. ಇಲ್ಲಿ ನಾನು ಅಂಗಡಿ ಮುಚ್ಚಿ, ಶಾಂತಿನಗರದ ಬಸ್ ಹಿಡಿದು ಇವರ ಆಫೀಸಿಗೆ ಹೋಗಬೇಕು.

ಕೋಣೆ ಚಿಕ್ಕದು. ನಡುವೆ ಟೇಬಲ್ ಇಲ್ಲ, ಕುರ್ಚಿಗಳು ಅಷ್ಟೆ. ಹುಡುಗನ ಜೊತೆ ಅವನ ಅಮ್ಮ ಬಂದಿದ್ದರು. ನನಗೆ ಒಂದು ಭಯ ಇತ್ತು. ನಾನು ಒಬ್ಬಳೇ ರಾತ್ರಿ ಅಂಗಡಿ ಮುಚ್ಚುತ್ತೇನೆ. ಇವನು ನನ್ನನ್ನು ನೋಡಿಕೊಂಡೇ ಬಂದನಾ? ಅದನ್ನೇ ಕೇಳಿದೆ. "ಇಲ್ಲ ಆಂಟಿ, ನೀವು ಯಾರು ಅಂತಾನೇ ಗೊತ್ತಿಲ್ಲ. ಫ್ರೆಂಡ್ ಹತ್ರ ಸವೆದ ಕೀ ಇತ್ತು. ಎಲ್ಲಾ ಗಾಡಿಗೂ ಹಾಕಿ ನೋಡ್ತಿದ್ವಿ, ನಿಮ್ಮದು ತಿರುಗಿತು" ಅಂದ. ಇಷ್ಟೇ ಉತ್ತರ. ಆದರೆ ಇದನ್ನು ನನಗೆ ಬೇರೆ ಯಾರೂ ಹೇಳಿರಲಿಲ್ಲ. ಸ್ಟೇಷನ್‌ನಲ್ಲೂ ಇಲ್ಲ.

ಬ್ಲೌಸ್ ಏನು ಮಾಡಿದೆ ಅಂದೆ. ಕವರ್ ಸಮೇತ ವೃಷಭಾವತಿ ಕಾಲುವೆಗೆ ಎಸೆದೆ ಅಂದ. ಹಳೇ ಬಟ್ಟೆ ಅಂದುಕೊಂಡನಂತೆ! ನಾನು ಫೋನಿನಲ್ಲಿ ಆ ನವಿಲಿನ ಫೋಟೋ ತೋರಿಸಿದೆ. ಇದಕ್ಕೆ ಎಷ್ಟು ದಿನ ಆಗುತ್ತೆ, ಸೂಜಿ ಎಲ್ಲಿ ಚುಚ್ಚುತ್ತೆ, ಹಾಕಿದ ಹುಡುಗಿಗೆ ಎಷ್ಟು ಕೂಲಿ ಅಂತ ಹೇಳಿದೆ. ಅವನಿಗಿಂತ ಮೊದಲು ಅವನ ಅಮ್ಮ ಅತ್ತರು. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವರಂತೆ. ನನ್ನ ಲೆಕ್ಕ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಇಲ್ಲೇ ಇವರು ಹಾಳು ಮಾಡಿದ್ದು. ಮೇಡಂ ಜೊತೆಗಿದ್ದ ಇನ್ನೊಬ್ಬರು "ಚಿಕ್ಕ ಹುಡುಗ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡಿ ಮೇಡಂ" ಅಂತ ಶುರು ಮಾಡಿದರು. ಒಂದು ಸಲ ಅಲ್ಲ. ಕ್ಷಮಿಸುವುದು ಬಿಡುವುದು ನನ್ನಿಷ್ಟ ಅಲ್ವಾ? ನಾನು ಬಂದಿದ್ದು ಕೇಳುವುದಕ್ಕೆ. ಅವರ ಫೈಲ್‌ನಲ್ಲಿ ಒಂದು ಕಾಲಂ ತುಂಬಬೇಕಿತ್ತೇನೋ. ಸಂಸ್ಥೆಯ ಮೇಡಂ ಗುರಾಯಿಸಿದ ಮೇಲೆ ಸುಮ್ಮನಾದರು. ಒಂದು ಸ್ಟಾರ್ ಇದಕ್ಕೇ ಕಡಿತ.

ಒಪ್ಪಂದ ಹೀಗಾಯಿತು: ಬಟ್ಟೆ, ಮಣಿ, ಜರಿಯ ಖರ್ಚನ್ನು ಅವನ ಅಮ್ಮ ಕಂತಿನಲ್ಲಿ ಕೊಡುವುದು. ಕೂಲಿ ನಾನು ಬಿಟ್ಟೆ. ಹುಡುಗ ಅಂಗಡಿಗೆ ಬಂದು ಕೆಲಸ ಮಾಡಿಕೊಡಲಿ ಅಂತ ನಾನೇ ಅಂದಿದ್ದೆ, ಮೇಡಂ ಒಪ್ಪಲಿಲ್ಲ. ಅವನು ಶಾಲೆಗೆ ವಾಪಸ್ ಹೋಗಬೇಕು, ದುಡಿಮೆಗೆ ಹಚ್ಚುವುದು ಪರಿಹಾರ ಅಲ್ಲ ಅಂದರು. ಸರಿಯಾದ ಮಾತೇ. ಕಂತು ಬರುತ್ತಿದೆ, ಒಮ್ಮೊಮ್ಮೆ ತಡ. ಆದರೆ ಅವತ್ತಿನ ನಂತರ ಸಂಸ್ಥೆಯಿಂದ ನನಗೊಂದು ಫೋನ್ ಇಲ್ಲ. ಹುಡುಗನನ್ನು ಮಾತ್ರ ಆಗಾಗ ನೋಡಿಬರುತ್ತಾರಂತೆ, ಅವನ ಅಮ್ಮ ಹೇಳಿದ್ದು. ಉಳಿದ ಅರ್ಧ ಸ್ಟಾರ್ ಹೋಗಿದ್ದು ಅಲ್ಲಿ.

ಹೊಡೆತ ತಿಂದವರಿಗೆ, ಅದಕ್ಕಿಂತ ಕೆಟ್ಟದ್ದು ಅನುಭವಿಸಿದವರಿಗೆ ಈ ಮಾತುಕತೆಗೆ ಹೋಗಿ ಅಂತ ನಾನು ಸುಲಭಕ್ಕೆ ಹೇಳಲಾರೆ. ಅವರಿಗೆ ಸಂತ್ರಸ್ತರ ಪರಿಹಾರ ಯೋಜನೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅದಕ್ಕೂ ಈ ಮಾತುಕತೆಗೂ ಸಂಬಂಧ ಇಲ್ಲ, ಎರಡನ್ನೂ ಸೇರಿಸಿ ಯಾರಾದರೂ ಹೇಳಿದರೆ ನಂಬಬೇಡಿ.

ಹೋಗುವವರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಹಾಳಾದ ವಸ್ತುವಿನ ಫೋಟೋ ಇದ್ದರೆ ಇಟ್ಟುಕೊಳ್ಳಿ. ವಾರದ ನಡುವೆ ಮಧ್ಯಾಹ್ನದ ಟೈಮ್ ಕೊಡುತ್ತಾರೆ, ಅಂಗಡಿ ಇಟ್ಟವರಿಗೆ ಆಗುವುದಿಲ್ಲ. ಭಾನುವಾರ ಬೇಕು ಅಂತ ಗಟ್ಟಿಯಾಗಿ ಕೇಳಿ. ನನಗೆ ಕೊಟ್ಟರು.