ಫ್ರೀಕ್ಯಾಡ್ ಎಫ್‌ಇಎಂ: ಬೀಮ್ ಡಿಫ್ಲೆಕ್ಷನ್ ಲೆಕ್ಕಕ್ಕೆ ನಂಬಬಹುದೇ? (ದೀರ್ಘಕಾಲದ ಬಳಕೆಯ ವಿಮರ್ಶೆ)

3ಡಿ ವಿನ್ಯಾಸದ ಸಾಫ್ಟ್‌ವೇರ್ ಫ್ರೀಕ್ಯಾಡ್ ಉಚಿತ. ಅದರೊಳಗಿನ ಎಫ್‌ಇಎಂ ವರ್ಕ್‌ಬೆಂಚ್ (ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಬಲೆಯಾಗಿ, ಅಂದರೆ ಮೆಶ್ ಆಗಿ, ಒಡೆದು ಪರೀಕ್ಷಿಸುವ ಭಾಗ), ಹಿಂದೆ ಕೂತು ಲೆಕ್ಕ ಹಾಕುವ ಕ್ಯಾಲ್ಕ್ಯುಲಿಕ್ಸ್ ಸಾಲ್ವರ್ ಎರಡೂ ಉಚಿತವೇ. ಬೀಮ್ (ತೊಲೆ) ಎಷ್ಟು ಬಾಗುತ್ತದೆ, ಅಂದರೆ ಡಿಫ್ಲೆಕ್ಷನ್ ಎಷ್ಟು, ಎಂದು ಕೇಳಿದರೆ ಇದು ಕೊಡುವ ಉತ್ತರ ಸಾಮಾನ್ಯವಾಗಿ ಸರಿಯೇ ಇರುತ್ತದೆ; ಎಡವಟ್ಟಾಗುವುದು ನಾವು ಪ್ರಶ್ನೆ ಕೇಳಿದ ರೀತಿಯಲ್ಲಿ. ಹಾಗಾಗಿ ಪಕ್ಕದಲ್ಲೊಂದು ಕೈಲೆಕ್ಕ ಇರಲೇಬೇಕು. ಎರಡೂ ತಾಳೆಯಾಗದಿದ್ದರೆ ಎಷ್ಟರ ಮಟ್ಟಿಗೆ ತಾಳೆಯಾಗಿಲ್ಲ ಅನ್ನುವುದನ್ನು ಮೊದಲು ನೋಡಿ. ಆ ಅಂಕಿಯೇ ತಪ್ಪು ಎಲ್ಲಿದೆ ಅಂತ ಹೇಳಿಬಿಡುತ್ತದೆ.

ಮೊದಲ ಪರೀಕ್ಷೆಗೆ 50×10 ಮಿ.ಮೀ. ಉಕ್ಕಿನ ಪಟ್ಟಿ ಸಾಕು. ಉದ್ದ 500 ಮಿ.ಮೀ., ಒಂದು ತುದಿ ಫಿಕ್ಸ್, ಇನ್ನೊಂದು ತುದಿಗೆ 10 ಮಿ.ಮೀ. ದಪ್ಪದ ದಿಕ್ಕಿನಲ್ಲಿ 100 ನ್ಯೂಟನ್. ಐ, ಅಂದರೆ ಸೆಕ್ಷನ್‌ನ (ಅಡ್ಡಕೊಯ್ತದ) ಆಕಾರ ಬಾಗುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, 50×10³÷12 = 4166.7 ಮಿ.ಮೀ.⁴. ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800:2007 ಹೇಳುವಂತೆ ಇ (ಉಕ್ಕಿನ ಬಿಗಿತದ ಅಳತೆ) 2,00,000 ಎಂಪಿಎ ಹಿಡಿದರೆ, ಬಲ × ಉದ್ದದ ಘನ ÷ 3ಇಐ ಸರಿಯಾಗಿ 5.00 ಮಿ.ಮೀ. ಕೊಡುತ್ತದೆ. ಸಾಫ್ಟ್‌ವೇರ್ 4.76ರ ಹತ್ತಿರ ತೋರಿಸಿದರೆ ಮೆಶ್ ಕೆದಕಬೇಡಿ, ವಸ್ತುವಿನ ಗುಣಗಳಿರುವ ಮೆಟೀರಿಯಲ್ ಕಾರ್ಡ್ ತೆರೆಯಿರಿ. 'ಕ್ಯಾಲ್ಕ್ಯುಲಿಕ್ಸ್-ಸ್ಟೀಲ್' ಕಾರ್ಡಿನಲ್ಲಿ ಇ 2,10,000 ಇದೆ. ವ್ಯತ್ಯಾಸ ಅಷ್ಟೇ. ಇ ಸರಿಪಡಿಸಿದ ಮೇಲೂ ಶೇ. 1ರ ಆಸುಪಾಸು ಕಡಿಮೆ ಬಂದರೆ ಬಿಟ್ಟುಬಿಡಿ: ಫಿಕ್ಸ್ ಮಾಡಿದ ಮುಖ ಅಡ್ಡಕ್ಕೆ ಹಿಗ್ಗಲು ಕುಗ್ಗಲು ಬಿಡುವುದಿಲ್ಲ, ಅಗಲ ಪಟ್ಟಿ ಅಲ್ಲಿ ಸ್ವಲ್ಪ ಬಿಗಿಯಾಗುತ್ತದೆ.

ಉತ್ತರ ಅರ್ಧಕ್ಕಿಂತಲೂ ಕಡಿಮೆ ಬಂದರೆ ಮಾತ್ರ ಮೆಶ್ ಮೇಲೆ ಅನುಮಾನ ಪಡಿ. ಫಸ್ಟ್ ಆರ್ಡರ್ ಟೆಟ್ರಾ ಎಲಿಮೆಂಟ್ (ಮೂಲೆಗಳಲ್ಲಷ್ಟೇ ಬಿಂದುಗಳಿರುವ, ನಾಲ್ಕು ಮುಖದ ತುಂಡು) ಒಳಗೆ ಸ್ಟ್ರೇನ್ (ಹಿಗ್ಗು-ಕುಗ್ಗಿನ ಪ್ರಮಾಣ) ಒಂದೇ ಸಮ ಇರುತ್ತದೆ. ಮೇಲೆ ಎಳೆತ, ಕೆಳಗೆ ಒತ್ತಡ ಅನ್ನುವ ಬಾಗುವಿಕೆಯನ್ನು ಒಂದೇ ಎಲಿಮೆಂಟ್ ಹೊರಲಾರದು. ದಪ್ಪಕ್ಕೆ ಒಂದೇ ಪದರ ಇಟ್ಟರೆ ಪಟ್ಟಿ ಬಂಡೆಯಂತೆ ಬಿಗಿಯಾಗುತ್ತದೆ. ಮೆಶ್ ಮಾಡುವ ಜಿಮೆಶ್‌ನಲ್ಲಿ ಸೆಕೆಂಡ್ ಆರ್ಡರ್ (ಅಂಚುಗಳ ನಡುವೆಯೂ ಬಿಂದುಗಳಿರುವ) ಆಯ್ಕೆ ಉಳಿಸಿಕೊಂಡು, ಎಲಿಮೆಂಟ್ ಗಾತ್ರ 5 ಮಿ.ಮೀ. ಕೊಟ್ಟರೆ ಈ ಪಟ್ಟಿಗೆ ಧಾರಾಳ. ಮೆಶ್ ಹಗುರವಾಗಲಿ ಅಂತ ಫಸ್ಟ್ ಆರ್ಡರ್‌ಗೆ ಇಳಿಯುವುದು ದುಬಾರಿ ಉಳಿತಾಯ.

ಹೆಚ್ಚಿನವರು ಜಾರುವುದು ಸಪೋರ್ಟ್ ವಿಷಯದಲ್ಲಿ. ಸಿಂಪ್ಲಿ ಸಪೋರ್ಟೆಡ್ ಬೀಮ್ (ಎರಡೂ ತುದಿ ಆಧಾರದ ಮೇಲೆ ಸುಮ್ಮನೆ ಕೂತಿರುವುದು) ಅಂದುಕೊಂಡು ಎರಡೂ ತುದಿಯ ಮುಖಗಳಿಗೆ ಫಿಕ್ಸ್ಡ್ ಕೊಟ್ಟರೆ, ನಡುವಿನ ಬಿಂದು ಭಾರಕ್ಕೆ ಉತ್ತರ ಕಾಲು ಭಾಗಕ್ಕೆ, ಸಮ ಹಂಚಿಕೆಯ ಭಾರಕ್ಕೆ ಐದನೇ ಒಂದಕ್ಕೆ ಇಳಿಯುತ್ತದೆ. ಇದನ್ನು ಹಿಡಿಯುವುದು ಸುಲಭ. ಹಿಡಿಯಲು ಕಷ್ಟವಾದದ್ದು ಇನ್ನೊಂದು: ಕೆಳಗಿನ ಎರಡು ಅಂಚುಗಳನ್ನೂ ಉದ್ದದ ದಿಕ್ಕಿನಲ್ಲೂ ಬಂಧಿಸಿಬಿಡುವುದು. ಬೀಮ್ ಬಾಗಿದಾಗ ಕೆಳ ಅಂಚುಗಳು ಹೊರಕ್ಕೆ ಸರಿಯಬೇಕು. ಸರಿಯಲು ಬಿಡದಿದ್ದರೆ ಕೆಳಗೆ ಒಳಮುಖ ಒತ್ತು ಹುಟ್ಟಿ, ಕಮಾನಿನ ಹಾಗೆ ಬೀಮನ್ನು ಮೇಲಕ್ಕೆತ್ತುತ್ತದೆ. ಆಯತಾಕಾರದ ಸೆಕ್ಷನ್‌ನಲ್ಲಿ ನಡುವಿನ ಬಿಂದು ಭಾರಕ್ಕೆ ಡಿಫ್ಲೆಕ್ಷನ್ ಸುಮಾರು ಶೇ. 44ಕ್ಕೆ, ಸಮಭಾರಕ್ಕೆ ಶೇ. 40ಕ್ಕೆ ಕುಸಿಯುತ್ತದೆ, ಬೀಮ್ ಎಷ್ಟೇ ಉದ್ದವಿರಲಿ. ಸರಿಯಾದ ಕ್ರಮ: ಒಂದು ಅಂಚಿಗೆ ಲಂಬ ಮತ್ತು ಉದ್ದದ ದಿಕ್ಕು, ಇನ್ನೊಂದಕ್ಕೆ ಲಂಬ ಮಾತ್ರ, ಅಡ್ಡಕ್ಕೆ ಜಾರದಂತೆ ಎರಡು ಅಂಚುಗಳಲ್ಲೂ ಒಂದೊಂದು ಮೂಲೆಬಿಂದು. ಅಡ್ಡ ಬಂಧನ ಮರೆತರೆ ಬೀಮ್ ಪರದೆಯಿಂದಾಚೆ ಹಾರಿಹೋದಂತೆ ಅಸಂಬದ್ಧ ಅಂಕಿಗಳು ಬರಬಹುದು.

ಇನ್ನು ಕೈಲೆಕ್ಕವೇ ಕಡಿಮೆ ತೋರಿಸುವ ಸಂದರ್ಭ. ಪುಸ್ತಕದ ಸೂತ್ರಗಳು ಶಿಯರ್‌ನಿಂದಾಗುವ (ಪದರಗಳು ಒಂದರ ಮೇಲೊಂದು ಜಾರುವುದರಿಂದಾಗುವ) ಬಾಗುವಿಕೆಯನ್ನು ಬಿಟ್ಟಿರುತ್ತವೆ. ಉಕ್ಕಿನ ಆಯತ ಕ್ಯಾಂಟಿಲಿವರ್‌ಗೆ (ಒಂದೇ ತುದಿ ಫಿಕ್ಸ್ ಆದ ಬೀಮ್‌ಗೆ) ತುದಿ ಭಾರವಿದ್ದರೆ ಆ ಪಾಲು ಸುಮಾರು 0.78 × (ಎತ್ತರ÷ಉದ್ದ)². ಉದ್ದ ಎತ್ತರದ ಹತ್ತು ಪಟ್ಟಿದ್ದರೆ ಶೇ. 0.8, ಮೂರು ಪಟ್ಟಿದ್ದರೆ ಶೇ. 8.7. ಫ್ರೀಕ್ಯಾಡ್ ಜೊತೆಗೇ ಬರುವ 8 ಮೀಟರ್ ಕ್ಯಾಂಟಿಲಿವರ್ ಉದಾಹರಣೆಯಲ್ಲೂ ಈ ಪಾಲು ಶೇ. 1.2ರಷ್ಟಿದೆ.

ಇಂಗ್ಲಿಷಿನ ಐ ಅಕ್ಷರದ ಆಕಾರದ ಐ-ಸೆಕ್ಷನ್‌ನಲ್ಲಿ ಇದು ಇನ್ನೂ ಹೆಚ್ಚು. ಭಾರತೀಯ ಮಾನಕದ 200 ಮಿ.ಮೀ. ಎತ್ತರದ ಐ-ಬೀಮ್ ಐಎಸ್‌ಎಂಬಿ 200, ಸಿಂಪ್ಲಿ ಸಪೋರ್ಟೆಡ್, 4 ಮೀಟರ್ ಸ್ಪ್ಯಾನ್ (ಆಧಾರಗಳ ನಡುವಿನ ದೂರ), ಮೀಟರಿಗೆ 10 ಕಿಲೋನ್ಯೂಟನ್. ಹಳೆಯ ಸ್ಟೀಲ್ ಟೇಬಲ್‌ನ ಐ 2235.4 ಸೆಂ.ಮೀ.⁴ ಹಿಡಿದರೆ ಕೈಲೆಕ್ಕ 7.46 ಮಿ.ಮೀ. ಮೂಲೆಗಳ ದುಂಡು ಬಿಟ್ಟು, 10.8 ಮಿ.ಮೀ. ಫ್ಲ್ಯಾಂಜ್ (ಮೇಲಿನ, ಕೆಳಗಿನ ಅಡ್ಡ ಭಾಗ), 5.7 ಮಿ.ಮೀ. ವೆಬ್ (ನಡುವಿನ ನೆಟ್ಟನೆಯ ಭಾಗ) ಇಟ್ಟು ಮೂರು ಆಯತಗಳಾಗಿ ಚಿತ್ರಿಸಿದರೆ ಐ 2205ಕ್ಕೆ ಇಳಿದು ಉತ್ತರ 7.56 ಆಗುತ್ತದೆ. ಶಿಯರ್ ಹೊರುವುದು ಬಹುಪಾಲು ವೆಬ್ ಮಾತ್ರ. ಅದರಿಂದ ಇನ್ನೊಂದು 0.23. ಒಟ್ಟು 7.79, ಅಂದರೆ ಕೈಲೆಕ್ಕಕ್ಕಿಂತ ಶೇ. 4ಕ್ಕೂ ಹೆಚ್ಚು. ಇಲ್ಲಿ ಸಾಫ್ಟ್‌ವೇರ್ ತಪ್ಪಿಲ್ಲ, ಕೈಲೆಕ್ಕವೂ ತಪ್ಪಿಲ್ಲ. ಮೀಟರಿಗೆ 25.4 ಕೆ.ಜಿ. ಸ್ವಂತ ತೂಕವನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಮರೆತರೆ ಮತ್ತೊಂದು ಶೇ. 2.5 ಸರಿಯುತ್ತದೆ. ಡಿಫ್ಲೆಕ್ಷನ್ ಓದುವಾಗ ವೆಬ್‌ನ ನಡು ಎತ್ತರದ ಬಿಂದು ಆರಿಸಿ, ಸಪೋರ್ಟ್ ಮೇಲಿನ ಅದೇ ಎತ್ತರದ ಚಲನೆ ಕಳೆಯಿರಿ. ಇಲ್ಲವಾದರೆ ಸಪೋರ್ಟ್ ಬಳಿಯ ಸ್ಥಳೀಯ ಜಜ್ಜುವಿಕೆಯೂ ಸೇರಿಕೊಳ್ಳುತ್ತದೆ.

ಸ್ಟ್ರೆಸ್ (ವಸ್ತುವಿನೊಳಗಿನ ಬಲದ ತೀವ್ರತೆ) ಬಗ್ಗೆ ಎರಡೇ ಮಾತು. ಫಿಕ್ಸ್ ಮಾಡಿದ ಮುಖದ ಅಂಚಿನಲ್ಲಿ ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಅದನ್ನು ನಂಬಬೇಡಿ. ಮೊದಲ ಪರೀಕ್ಷೆಯ ಉಕ್ಕಿನ ಪಟ್ಟಿಯಲ್ಲಿ ಫಿಕ್ಸ್ ಮಾಡಿದ ಮುಖದಿಂದ 50 ಮಿ.ಮೀ. ದೂರದಲ್ಲಿ 54 ಎಂಪಿಎ ಬರುತ್ತದೆಯೇ ನೋಡಿ.

ಭಾರ ಸರಿಯಾಗಿ ಕೂತಿದೆಯೇ ತಿಳಿಯಲು ಕ್ಯಾಲ್ಕ್ಯುಲಿಕ್ಸ್ ಬರೆಯುವ ಡ್ಯಾಟ್ ಫೈಲ್ ತೆರೆಯಿರಿ: ಫಿಕ್ಸ್ಡ್ ಮುಖದ ಒಟ್ಟು ಪ್ರತಿಕ್ರಿಯಾ ಬಲ ಅಲ್ಲಿರುತ್ತದೆ. ಆ ಪಟ್ಟಿಗೆ 100 ನ್ಯೂಟನ್ ಇಲ್ಲದಿದ್ದರೆ, ಅಥವಾ ಬೇರೆ ಅಕ್ಷದ ಕಾಲಂನಲ್ಲಿದ್ದರೆ, ಬಲದ ದಿಕ್ಕು ಕೈಕೊಟ್ಟಿದೆ. ದಿಕ್ಕು ಆರಿಸದಿದ್ದರೆ ಬಲ ಮುಖಕ್ಕೆ ಲಂಬವಾಗಿ ಹೋಗಿ, ಪಟ್ಟಿ ಬಾಗುವ ಬದಲು ಉದ್ದಕ್ಕೆ ಎಳೆಯಲ್ಪಡುತ್ತದೆ. ಇಷ್ಟು ಉಪಯುಕ್ತ ಅಂಕಿಯನ್ನು ಪರದೆಯ ಮೇಲೇ ತೋರಿಸದೆ ಫೈಲಿನೊಳಗೆ ಬಚ್ಚಿಟ್ಟಿರುವುದು ಯಾಕೋ ಗೊತ್ತಿಲ್ಲ.

ದೊಡ್ಡ ಕೊರತೆ ಬೀಮ್ ಎಲಿಮೆಂಟ್‌ಗಳದ್ದು (ಬೀಮನ್ನು ಬರೀ ಗೆರೆಯಾಗಿ ಲೆಕ್ಕ ಹಾಕುವ ಎಲಿಮೆಂಟ್‌ಗಳು). 1.0 ಆವೃತ್ತಿಯಲ್ಲೂ ಗೆರೆ ಎಳೆದು ಐಎಸ್‌ಎಂಬಿ ಸೆಕ್ಷನ್ ಅಂಟಿಸುವ ಸೌಲಭ್ಯವಿಲ್ಲ. ಐ-ಸೆಕ್ಷನ್ ಬೇಕಿದ್ದರೆ ಘನವಾಗಿಯೇ ಚಿತ್ರಿಸಬೇಕು. ಒಂದೆರಡು ಬ್ರಾಕೆಟ್, ಮಷಿನ್ ಫ್ರೇಮಿನ ಒಂದು ತುಂಡು, ತೂತಿರುವ ಪಟ್ಟಿ — ಇಂಥದ್ದಕ್ಕೆ ಐದಕ್ಕೆ ನಾಲ್ಕು. ಹತ್ತಾರು ಬೀಮ್‌ಗಳ ಕಟ್ಟಡದ ಫ್ರೇಮ್‌ಗಾದರೆ ಎರಡಕ್ಕಿಂತ ಹೆಚ್ಚು ಕೊಡಲಾಗದು.