ಎಂ.ಸಿ.ಆರ್. ಪಾದರಕ್ಷೆಯ ಹೊಸ ಮಾದರಿ: ಒಂದು ವಿಮರ್ಶೆ

ಕುಷ್ಠರೋಗದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗಾಗಿ ತಯಾರಾಗುವ ಎಂ.ಸಿ.ಆರ್., ಅಂದರೆ ಮೈಕ್ರೋಸೆಲ್ಯುಲರ್ ರಬ್ಬರ್ ಪಾದರಕ್ಷೆಯನ್ನು ನಮ್ಮ ದೊಡ್ಡಪ್ಪನವರಿಗೆ ಬೆಂಗಳೂರಿನ ಮಾಗಡಿ ರಸ್ತೆಯ ಸಮೀಪದ ಒಂದು ಸಣ್ಣ ಘಟಕದಲ್ಲಿ ಅಳತೆ ಕೊಟ್ಟು ಮಾಡಿಸಿದೆವು. ಬೆಲೆ 850 ರೂಪಾಯಿ. ಅವರ ಕಾಯಿಲೆ ವಾಸಿಯಾಗಿ ದಶಕಗಳೇ ಕಳೆದಿವೆ. ನರಗಳಿಗಾದ ಹಾನಿ ಮಾತ್ರ ಉಳಿದಿದೆ.

ಇದರ ಒಳ ಅಟ್ಟೆ ಮೆತ್ತಗಿದ್ದು ದೇಹದ ಭಾರವನ್ನು ಇಡೀ ಪಾದಕ್ಕೆ ಹಂಚುತ್ತದೆ. ಹೊರ ಅಟ್ಟೆ ಮುಳ್ಳು, ಗಾಜು ಒಳಹೊಗದಷ್ಟು ಗಟ್ಟಿ. ಎಲ್ಲಿಯೂ ಮೊಳೆ ಹೊಡೆದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವುದರಿಂದ ಬೆರಳುಗಳಿಂದ ಚಪ್ಪಲಿಯನ್ನು ಹಿಡಿದುಕೊಂಡು ನಡೆಯಬೇಕಾಗಿಲ್ಲ. ಈ ರೋಗದಲ್ಲಿ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆಂದು ಜನ ಇಂದಿಗೂ ನಂಬುತ್ತಾರೆ. ವಾಸ್ತವವಾಗಿ, ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ ನರಗಳನ್ನು ಕೆಡಿಸುತ್ತದೆ, ನೋವು ತಿಳಿಯದ ಕಾಲು ಗಾಯದ ಮೇಲೆಯೇ ನಡೆಯುತ್ತದೆ, ಸೋಂಕು ಮೂಳೆಗಿಳಿದು ಬೆರಳು ಮೊಟಕಾಗುತ್ತದೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಇದನ್ನು ತೋರಿಸಿಕೊಟ್ಟರು. ಗಾಯವನ್ನು ತಡೆದರೆ ಬೆರಳು ಉಳಿಯುತ್ತದೆ ಎಂಬ ಆ ತಿಳಿವಳಿಕೆಯೇ ಈ ಪಾದರಕ್ಷೆಯ ಆಧಾರ.

ನಮ್ಮ ಕಥೆಗಳು ಮಾತ್ರ ಈ ಕಾರಣದ ಜಾಗದಲ್ಲಿ ಪಾಪವನ್ನು ಕೂರಿಸಿವೆ. ಕೃಷ್ಣನ ಶಾಪದಿಂದ ಅವನ ಮಗ ಸಾಂಬನಿಗೆ ಕುಷ್ಠ ಬಂದು ಸೂರ್ಯನ ಆರಾಧನೆಯಿಂದ ಹೋಯಿತೆಂದು ಪುರಾಣ ಹೇಳುತ್ತದೆ. ಹಾವನ್ನು ಕೊಂದ ಮನೆತನಕ್ಕೆ ಚರ್ಮರೋಗ ತಪ್ಪದೆಂದು ಊರ ಹಿರಿಯರು ಹೇಳುತ್ತಾರೆ. ಕುಕ್ಕೆಯಲ್ಲಿ ಎಂಜಲೆಲೆಗಳ ಮೇಲೆ ಉರುಳುತ್ತಿದ್ದ ಮಡೆಸ್ನಾನದ ಹಿಂದೆಯೂ ಚರ್ಮರೋಗ ವಾಸಿಯಾಗುವುದೆಂಬ ನಂಬಿಕೆಯಿತ್ತು. ದೊಡ್ಡಪ್ಪನವರ ತೊಡೆಯ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡಾಗ ನಮ್ಮಜ್ಜಿ ಮೊದಲು ಮಾಡಿಸಿದ್ದು ನಾಗಪ್ರತಿಷ್ಠೆ. ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ಆದರೆ ಹರಕೆಗಳು ಮುಗಿಯುವವರೆಗೆ ಚಿಕಿತ್ಸೆ ಕಾಯಬೇಕಾಯಿತು, ಅಷ್ಟರಲ್ಲಿ ಎರಡೂ ಪಾದಗಳ ಸ್ಪರ್ಶ ಹೋಗಿತ್ತು. ಅದು ಇಂದಿಗೂ ನನ್ನನ್ನು ಸಂಕಟಪಡಿಸುತ್ತದೆ. ಈ ರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಕಾನೂನು ಕೂಡ 2019ರವರೆಗೆ ಒಪ್ಪಿತ್ತು.

ಆದ್ದರಿಂದ ಈ ಹೊಸ ಮಾದರಿಯ ರೂಪಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಹಳೆಯ ಎಂ.ಸಿ.ಆರ್. ಚಪ್ಪಲಿ ದಪ್ಪನೆಯ, ಒಂದೇ ಬಗೆಯ ಕಪ್ಪು ಚಪ್ಪಲಿಯಾಗಿದ್ದು, ಅದನ್ನು ಕಂಡವರು ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟು ಏಳುತ್ತಿದ್ದರು. ಆ ಅವಮಾನಕ್ಕೆ ಹೆದರಿ ದೊಡ್ಡಪ್ಪ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹುಣ್ಣು ಮಾಡಿಕೊಂಡದ್ದೂ ಉಂಟು. ಹೊಸದು ಕಂದು ಬಣ್ಣದ ಸಾಧಾರಣ ಸ್ಯಾಂಡಲ್‌ನಂತಿದೆ, ಮಧುಮೇಹಿಗಳೂ ಇದನ್ನೇ ಕೊಳ್ಳುತ್ತಾರೆ, ಮೆಜೆಸ್ಟಿಕ್‌ನ ಜನಸಂದಣಿಯಲ್ಲಿ ಯಾರೂ ಕಾಲಿನತ್ತ ನೋಡುವುದಿಲ್ಲ. ರೋಗವನ್ನು ಮರೆಮಾಡುವುದು ಕಳಂಕಕ್ಕೆ ಶರಣಾದಂತಲ್ಲವೇ ಎಂದು ಸ್ನೇಹಿತರೊಬ್ಬರು ಕೇಳಿದರು. ಸಮಾಜದ ಮನಸ್ಸು ಬದಲಾಗಲಿ ಎಂದು ಬರಿಗಾಲಿನಲ್ಲಿ ಕಾಯುವ ಹೊಣೆಯನ್ನು ಗಾಯಗೊಂಡವರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಕೊರತೆಗಳೂ ಇವೆ. ಮಳೆಯಲ್ಲಿ ನೆನೆದರೆ ಬೇಗ ಒಣಗುವುದಿಲ್ಲ. ವೆಲ್ಕ್ರೋ ಪಟ್ಟಿಯನ್ನು ರೋಗದಿಂದ ಮಡಚಿಕೊಂಡ ಕೈಬೆರಳುಗಳಿಂದಲೂ ಹಾಕಬಹುದಾದರೂ ಧೂಳು ತುಂಬಿ ಅದರ ಹಿಡಿತ ಸಡಿಲವಾಗಿದೆ. ಹೆಂಗಸರಿಗೆ ಒಪ್ಪುವ ವಿನ್ಯಾಸ ಅಲ್ಲಿ ಒಂದೂ ಇರಲಿಲ್ಲ. ಇದು ಸಣ್ಣ ಲೋಪವಲ್ಲ.

ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪಾದರಕ್ಷೆಯನ್ನೂ, 6ರಿಂದ 12 ತಿಂಗಳ ಬಹುಔಷಧ ಚಿಕಿತ್ಸೆಯನ್ನೂ ಉಚಿತವಾಗಿ ಕೊಡುತ್ತಾರೆ. ಮೊದಲು ಅಲ್ಲಿ ವಿಚಾರಿಸಿ. ಹಣ ಕೊಟ್ಟು ಮಾಡಿಸುವವರು ಪಾದದ ಅಳತೆಯನ್ನು ಸಂಜೆ ಕೊಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಧರಿಸಿ, ಕಳಚಿದ ಮೇಲೆ ಚರ್ಮ ಎಲ್ಲಿಯಾದರೂ ಕೆಂಪಾಗಿದೆಯೇ ಎಂದು ಮನೆಯವರು ನೋಡಬೇಕು, ಏಕೆಂದರೆ ಪಟ್ಟಿ ಒತ್ತುತ್ತಿದ್ದರೂ ಧರಿಸಿದವರಿಗೆ ಅದು ತಿಳಿಯುವುದಿಲ್ಲ.