ಒಂದೇ ಹಳೆಯ ಪಾನಗೃಹ, ಮೂರು ಮೇಜುಗಳು

ಹಳೆಯ ಕಟ್ಟಡದಲ್ಲಿ ನಡೆಯುವ ದುಬಾರಿ ಪಾನಗೃಹಕ್ಕೆ ಊಟಕ್ಕೆ ಹೊರಟವರು ಏನು ತರಿಸಬೇಕೆಂದು ಬಹಳ ಯೋಚಿಸುತ್ತಾರೆ, ಎಲ್ಲಿ ಕೂರಬೇಕೆಂದು ಅಷ್ಟಾಗಿ ಯೋಚಿಸುವುದಿಲ್ಲ. ನಾನೂ ಹಾಗೆಯೇ ಇದ್ದೆ. ಮನೆಗೆ ಸಮೀಪದ ಅಂಥ ಒಂದು ಪಾನಗೃಹದಲ್ಲಿ, ಒಂದೇ ಅಡುಗೆಮನೆಯಿಂದ ಬಂದ ಹೆಚ್ಚುಕಡಿಮೆ ಅದೇ ಊಟವನ್ನು ಮೂರು ಸಂಜೆ ಮೂರು ಕಡೆ ಕುಳಿತು ಉಂಡ ಮೇಲೆ, ಜಾಗದ ಆಯ್ಕೆಯೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ. ಮೂರು ಸಲವೂ ಜೊತೆಗಿದ್ದವರು ನಮ್ಮ ತಂದೆಯವರು. ಅವರಿಗೆ ಒಂದು ಕಿವಿ ಮಂದ; ಎರಡೂ ಕಿವಿ ಚೆನ್ನಾಗಿರುವವರಂತೆ ಗದ್ದಲದ ನಡುವಿನಿಂದ ಒಂದು ದನಿಯನ್ನು ಹೆಕ್ಕಿ ತೆಗೆಯುವುದು ಅವರಿಗೆ ಕಷ್ಟ. ಹಾಗಾಗಿ ಅವರೊಡನೆ ಮಾತು ಸಾಗಿತೇ ಎಂಬುದೇ ನನ್ನ ಅಳತೆಗೋಲಾಯಿತು.

ಮೊದಲ ಸಂಜೆ ನೆಲಮಾಳಿಗೆಯಲ್ಲಿ ಕುಳಿತೆವು. ಕಲ್ಲಿನ ಕಮಾನು ಛಾವಣಿ, ಗೂಡುಗಳಲ್ಲಿ ಮೇಣದಬತ್ತಿ, ಕೈಯಿಟ್ಟರೆ ತಣ್ಣಗೆ ತಾಕುವ ಗೋಡೆ: ಕಣ್ಣಿಗೆ ಇದಕ್ಕಿಂತ ಚೆಲುವಾದ ಜಾಗ ಆ ಕಟ್ಟಡದಲ್ಲಿ ಇನ್ನೊಂದಿಲ್ಲ. ಆದರೆ ನುಣುಪಾದ ಕಲ್ಲು ಶಬ್ದವನ್ನು ಹೀರಿಕೊಳ್ಳುವುದಿಲ್ಲ, ಕಮಾನಿನ ಬಾಗು ಅದನ್ನು ಒಂದೆಡೆಗೆ ಕೂಡಿಸಿ ಕೆಳಗೆ ಕಳಿಸುತ್ತದೆ. ಪಕ್ಕದ ಮೇಜಿನವರ ಮಾತು ನನ್ನ ತಲೆಯ ಮೇಲಿಂದಲೇ ಬಂದಂತೆ ಕೇಳಿಸುತ್ತಿತ್ತು. ಸುತ್ತಲಿನ ಸದ್ದು ಏರಿದಂತೆ ಮನುಷ್ಯ ತಿಳಿಯದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಏಟಿಯೆನ್ ಲೊಂಬಾರ್ 1911ರಲ್ಲಿಯೇ ವಿವರಿಸಿದ್ದರು. ಕೋಣೆ ತುಂಬಿದ ಮೇಲೆ ಪ್ರತಿಯೊಂದು ಮೇಜೂ ಉಳಿದವುಗಳೊಡನೆ ಸ್ಪರ್ಧೆಗಿಳಿದಿತ್ತು. ತಂದೆಯವರು ಎರಡು ಸಲ "ಏನಂದೆ?" ಎಂದು ಕೇಳಿ, ಮೂರನೆಯ ಸಲ ಸುಮ್ಮನೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಇಂದಿಗೂ ಚುಚ್ಚುತ್ತದೆ. ಇದರ ಮೇಲೆ, ತೇವ ಹಿಡಿದ ಗಾರೆಯ ವಾಸನೆ ವೈನಿನ ಪರಿಮಳದೊಂದಿಗೆ ಬೆರೆಯುತ್ತಿತ್ತು.

ಮಹಡಿಯ ಹಜಾರವು ಎಲ್ಲ ರೀತಿಯಲ್ಲೂ ಗಂಭೀರ. ಎತ್ತರದ ಕಿಟಕಿಗಳು, ಮರದ ಹಲಗೆ ಹೊದಿಸಿದ ಗೋಡೆ, ದಪ್ಪ ಪರದೆ, ಮೆತ್ತೆಯ ಕುರ್ಚಿಗಳು. ಕೋಣೆ ದೊಡ್ಡದಾದಷ್ಟೂ ಮಾರ್ದನಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಅಡಗುತ್ತದೆ. ಅಮೆರಿಕದ ವಾಲೆಸ್ ಸೇಬಿನ್ 1890ರ ದಶಕದಲ್ಲಿ ಇದನ್ನು ಕಂಡುಕೊಂಡದ್ದೇ ಉಪನ್ಯಾಸ ಕೊಠಡಿಯೊಂದಕ್ಕೆ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಅಳೆದು ನೋಡುವುದರಿಂದ. ಇಲ್ಲಿಯೂ ಪರದೆ, ಮೆತ್ತೆಗಳು ತಮ್ಮ ಕೆಲಸ ಮಾಡಿದವು, ಮಾತು ಸಲೀಸಾಗಿ ನಡೆಯಿತು. ತೊಂದರೆ ಬಂದದ್ದು ಊಟದಲ್ಲಿ. ಅಡುಗೆಮನೆ ಕೆಳಗೆ, ಹಿಂಬದಿಯಲ್ಲಿ, ಮೆಟ್ಟಿಲು ಕಿರಿದು. ಸೂಪು ಮೇಜಿಗೆ ಬರುವಷ್ಟರಲ್ಲಿ ಅದರ ಮೇಲೆ ತೆಳುವಾದ ಕೆನೆ ಕಟ್ಟಿತ್ತು, ಚಮಚ ತಾಕಿದಾಗ ಅದು ಸುಕ್ಕುಗಟ್ಟಿ ಒಂದು ಬದಿಗೆ ಸರಿಯಿತು. ಲಿಫ್ಟ್ ಇರಲಿಲ್ಲ. 22 ಮೆಟ್ಟಿಲುಗಳನ್ನು ತಂದೆಯವರು ಎರಡು ಕಡೆ ನಿಂತು ಹತ್ತಿದರು.

ಮೂರನೆಯ ಸಲ ಕೆಳಗಿನ ಕೌಂಟರಿನ ಪಕ್ಕದಲ್ಲಿ, ಎತ್ತರದ ಒರಗು ಇರುವ ಮರದ ಬೆಂಚಿನ ಮೇಲೆ ಜಾಗ ಸಿಕ್ಕಿತು. ಇಂಥ ಬೆಂಚುಗಳನ್ನು ಹಿಂದೆ ಬೆಂಕಿಗೂಡಿನ ಬಳಿ ಬೆನ್ನಿಗೆ ಚಳಿಗಾಳಿ ತಾಕದಿರಲೆಂದು ಮಾಡುತ್ತಿದ್ದರು. ಆ ಒರಗು ಸದ್ದಿಗೂ ಅಡ್ಡ ನಿಲ್ಲುತ್ತದೆ ಎಂಬುದು ಕುಳಿತ ಮೇಲೆ ತಿಳಿಯಿತು. ತೊಲೆಗಳಿರುವ ತಗ್ಗು ಛಾವಣಿ ಉಳಿದ ಗದ್ದಲವನ್ನು ಚದುರಿಸುತ್ತಿತ್ತು. ಅಡುಗೆಮನೆಯ ಬಾಗಿಲು ಕೆಲವೇ ಹೆಜ್ಜೆ ದೂರದಲ್ಲಿ, ತಟ್ಟೆಗಳನ್ನು ಬಟ್ಟೆಯಲ್ಲಿ ಹಿಡಿದೇ ತರಬೇಕಾಗುವಷ್ಟು ಬಿಸಿ. ಕೊರತೆಗಳಿಲ್ಲದಿಲ್ಲ: ಮೇಜು ಇಕ್ಕಟ್ಟು, ಬೀದಿಬಾಗಿಲು ತೆರೆದಾಗಲೆಲ್ಲ ಕಾಲಿಗೆ ತಣ್ಣನೆಯ ಗಾಳಿ, ಮುಂಗಡವಾಗಿ ಕಾಯ್ದಿರಿಸುವ ಸೌಲಭ್ಯವೂ ಇಲ್ಲ. ಆದರೂ ತಂದೆಯವರ ಒಳ್ಳೆಯ ಕಿವಿ ನನ್ನ ಕಡೆಗೂ ಮಂದ ಕಿವಿ ಒರಗಿನ ಕಡೆಗೂ ಇರುವಂತೆ ಕುಳಿತೆವು. ನಾನು ಹೇಳುತ್ತಿದ್ದ ಸಂಗತಿ ಮುಗಿಯುವ ಮೊದಲೇ ಅವರು ನಕ್ಕರು.

ಈಗ ನಾವು ಸಂಜೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಆ ಬೆಂಚನ್ನು ಹಿಡಿಯುತ್ತೇವೆ. ಅದು ಸಿಗದ ದಿನ ಮಹಡಿಗೆ ಹತ್ತುತ್ತೇವೆ, ಸೂಪು ಮಾತ್ರ ತರಿಸುವುದಿಲ್ಲ.